ಸಾರಥ್ಯದ ಸುಖ: ಹಳೆಯ ಓಟದ ಕಾರೂ ಹೊಸ ಕಾರೂ

ವಾಹನವನ್ನೇರಿ ಹೋಗುವದರಲ್ಲಿ ಮನುಷ್ಯನಿಗೆ ಎರಡು ಬಗೆಯ ಸುಖಗಳಿವೆ. ಸೇರಬೇಕಾದ ಊರನ್ನು ದಣಿವಿಲ್ಲದೆ ಸೇರುವದು ಒಂದು ಸುಖ, ಇದು ರಥಿಕನದು. ವಾಹನವನ್ನು ತನ್ನ ಕೈಯಿಂದಲೇ ನಡೆಸುವದು ಇನ್ನೊಂದು ಸುಖ, ಇದು ಸಾರಥಿಯದು. ಬಿಂಕದಕಟ್ಟಿಯನ್ನು ಹಾಯ್ದು ಗದಗ-ಹುಬ್ಬಳ್ಳಿಗಳನ್ನು ಕೂಡಿಸುವ ಹೆದ್ದಾರಿಯ ಬದಿಗೆ ಒಂದು ತಾಸು ನಿಂತು ನೋಡಿದವರಿಗೆ, ಮೊದಲನೆಯ ಸುಖವು ನಮ್ಮ ಕಾಲದಲ್ಲಿ ಎಷ್ಟು ಬೆಳೆದಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಾಜುಗಳನ್ನೇರಿಸಿ, ಒಳಗೆ ತಂಪು ಗಾಳಿಯನ್ನು ತುಂಬಿಕೊಂಡು, ರಸ್ತೆಯ ತಗ್ಗುದಿನ್ನೆಗಳು ಮೈಗೆ ತಿಳಿಯದಂತೆ ಕಾರುಗಳು ಸಾಗುತ್ತವೆ. ಆದರೆ ಎರಡನೆಯ ಸುಖವು ಇದೇ ಕಾಲದಲ್ಲಿ ಕ್ಷೀಣಿಸುತ್ತಲಿದೆ. ಇಂಗ್ಲಿಷರು ಸ್ಪೋರ್ಟ್ಸ್ ಕಾರುಗಳೆಂದು ಕರೆದ, ಇಬ್ಬರೇ ಕೂಡ್ರುವ ಹಗುರಾದ ಹಳೆಯ ಓಟದ ಗಾಡಿಗಳನ್ನು ನಡೆಸಿ ಬಲ್ಲವರು ಎಲ್ಲ ದೇಶಗಳಲ್ಲಿಯೂ ಈ ಮಾತನ್ನೇ ಆಡುತ್ತಾರೆ. ಹಣವಂತರ ಹವ್ಯಾಸದ ಕೊರಗೆಂದು ಇದನ್ನು ತಳ್ಳಿಹಾಕುವದು ಸುಲಭ. ಆದರೆ ವಿಷಯದ ಪೂರ್ವೋತ್ತರಗಳನ್ನು ವಿಚಾರಿಸಿದರೆ, ಇದು ನಮ್ಮ ನಾಡಿಗೆ ಹೊರಗಿನ ಪ್ರಶ್ನೆಯಲ್ಲವೆಂದೂ, ಬಹು ಹಿಂದಿನ ವಿದ್ಯೆಯೊಂದರ ಅಳಿವು-ಉಳಿವಿನ ಪ್ರಶ್ನೆಯೆಂದೂ ತಿಳಿದುಬರುವದು. ಅದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಸಾರಥಿಯನ್ನು ನಮ್ಮ ಪೂರ್ವಿಕರು ಎಷ್ಟು ಲಕ್ಷ್ಯಗೊಟ್ಟು ನೋಡಿದ್ದರೆಂಬುದು ಅವನಿಗೆ ಅವರಿಟ್ಟ ಹೆಸರುಗಳಿಂದಲೇ ವ್ಯಕ್ತವಾಗುತ್ತದೆ. ಅಮರಕೋಶವು ಸೂತ, ಯಂತಾ, ನಿಯಂತಾ, ಪ್ರಾಜಿತಾ ಮೊದಲಾದ ಪರ್ಯಾಯಗಳನ್ನು ಕೊಡುತ್ತದೆ. ಅವುಗಳಲ್ಲಿ ಸವ್ಯೇಷ್ಠನೆಂದರೆ ಎಡಕ್ಕೆ ನಿಲ್ಲುವವನು, ದಕ್ಷಿಣಸ್ಥನೆಂದರೆ ಬಲಕ್ಕೆ ನಿಲ್ಲುವವನು. ಚಾಲಕನು ಎಡಕ್ಕೆ ಕೂಡ್ರಬೇಕೋ ಬಲಕ್ಕೆ ಕೂಡ್ರಬೇಕೋ ಎಂಬ ಭೇದವನ್ನು ಮೋಟಾರು ಬಂದ ಮೇಲೆ ಹುಟ್ಟಿದ್ದೆಂದು ತಿಳಿಯುವವರು ಈ ಎರಡು ಶಬ್ದಗಳನ್ನು ನೆನೆಯಬೇಕು.

ಇವುಗಳಲ್ಲಿ ಪ್ರಾಜಿತಾ ಎಂಬ ಶಬ್ದಕ್ಕೆ ಸ್ವಾರಸ್ಯವಾದ ಕಥೆಯೊಂದಿದೆ. ಅದನ್ನು ಪತಂಜಲಿಯು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರಚಿಸಿದ ಮಹಾಭಾಷ್ಯದಲ್ಲಿ ಹೇಳಿದ್ದಾನೆ. ವ್ಯಾಕರಣಪಂಡಿತನೊಬ್ಬನು ರಥವೊಂದನ್ನು ಕಂಡು, ಇದನ್ನು ನಡೆಸುವವನು ಯಾರೆಂದು ಕೇಳುವಾಗ ಸೂತ್ರಕ್ಕನುಗುಣವಾದ ಪ್ರವೇತಾ ಎಂಬ ಶಬ್ದವನ್ನು ಬಳಸುತ್ತಾನೆ. ಸೂತನು, ನಾನೇ ಇದರ ಪ್ರಾಜಿತಾ ಎಂದು ಉತ್ತರಕೊಡುತ್ತಾನೆ. ಅದು ಅಪಶಬ್ದವೆಂದು ಪಂಡಿತನು ಗದರಿಸಲು, ಸೂತ್ರವೆಲ್ಲಿ ತಗಲುವದೆಂಬುದನ್ನು ಮಾತ್ರ ನೀವು ಬಲ್ಲಿರಿ, ಶಿಷ್ಟರಿಗೆ ಇಷ್ಟವಾದ ರೂಪವಾವುದೆಂಬುದನ್ನು ಅರಿಯಿರಿ ಎಂದು ಸೂತನು ಅವನ ಬಾಯಿ ಮುಚ್ಚಿಸುತ್ತಾನೆ. ಸಿಟ್ಟಿಗೆದ್ದ ಪಂಡಿತನು ಅವನನ್ನು ಬೈಯಲು ಹೊಸ ಶಬ್ದವನ್ನು ಕಟ್ಟಿದರೆ, ಆ ಶಬ್ದವನ್ನು ಕಟ್ಟಿದ ರೀತಿಯೂ ತಪ್ಪೆಂದು ಸೂತನು ತಿದ್ದುತ್ತಾನೆ! ಭಾಷ್ಯಕಾರನು ಇಲ್ಲಿ ಗೆಲುವನ್ನು ಪಂಡಿತನಿಗೆ ಕೊಡದೆ ಸೂತನಿಗೆ ಕೊಟ್ಟಿದ್ದಾನೆ. ರಥವನ್ನು ನಡೆಸುವ ಕೈಗೆ ತಿಳಿದಿರುವ ವಸ್ತುವು ಗ್ರಂಥವನ್ನು ತಿರುವುವ ಕೈಗೆ ತಿಳಿದಿರಲಾರದು ಎಂಬುದು ಇದರ ತಾತ್ಪರ್ಯ. ಈ ತಾತ್ಪರ್ಯವನ್ನು ವಾಚಕರು ಲೇಖನದ ಕೊನೆಯವರೆಗೆ ನೆನಪಿನಲ್ಲಿಡಬೇಕೆಂದು ವಿನಂತಿ.

ಸಾರಥ್ಯದ ಸುಖವನ್ನು ಅದರ ಸಮಸ್ತ ಅಂಗಗಳೊಡನೆ ವರ್ಣಿಸಿದ ಕಥೆಯೆಂದರೆ ಭಾರತದೊಳಗಿನ ನಳೋಪಾಖ್ಯಾನ. ಕನಕದಾಸರ ನಳಚರಿತ್ರೆಯಿಂದ ಈ ಕಥೆಯು ಕನ್ನಡಿಗರ ಮನೆಮನೆಗೆ ಬಂದಿದೆ. ರೂಪಗೆಟ್ಟ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಕೆಲಸಕ್ಕಿರುವಾಗ, ನೂರು ಯೋಜನ ದೂರದ ಕುಂಡಿನಪುರವನ್ನು ಒಂದೇ ದಿನದಲ್ಲಿ ಸೇರಬೇಕಾದ ಪ್ರಸಂಗವು ಒದಗುತ್ತದೆ. ಲಾಯದಲ್ಲಿ ಕೊಬ್ಬಿದ ಕುದುರೆಗಳಿರುವಾಗ ಬಾಹುಕನು ಬಡಕಲು ಕುದುರೆಗಳನ್ನು ಆರಿಸುತ್ತಾನೆ. ಅರಸನು ಇದೇನೆಂದು ಆಕ್ಷೇಪಿಸುತ್ತಾನೆ. ಬಾಹುಕನು ಅವುಗಳ ಲಕ್ಷಣಗಳನ್ನು ತೋರಿಸಿಕೊಡುತ್ತಾನೆ. ದಾರಿಯಲ್ಲಿ ಅರಸನ ಉತ್ತರೀಯವು ಜಾರಿ ಬೀಳಲು, ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ರಥವು ಒಂದು ಯೋಜನ ಮುಂದೆ ಬಂದಿರುತ್ತದೆ. ಕಡೆಗೆ ಕುಂಡಿನಪುರದಲ್ಲಿ ದಮಯಂತಿಯು ರಥವನ್ನು ಕಾಣುವ ಮೊದಲೇ ಅದರ ಘೋಷವನ್ನು ಕೇಳಿ, ಇದು ನಳನು ನಡೆಸುವ ರಥವೇ ಸರಿಯೆಂದು ಗುರುತಿಸುತ್ತಾಳೆ. ಹಗುರಾದ ಮೈ, ಲಕ್ಷಣವನ್ನರಿತ ಕಣ್ಣು, ಬಲ್ಲವರ ಕಿವಿಗೆ ಗುರುತಾಗುವ ನಾದ, ಈ ಮೂರನ್ನೂ ಹಳೆಯ ಓಟದ ಕಾರುಗಳ ಅಭಿಮಾನಿಗಳು ಇಂದಿಗೂ ತಮ್ಮ ಸುಖದ ಕಾರಣಗಳೆಂದು ಎಣಿಸುವದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ನಮ್ಮ ಗದಗಿನ ವೀರನಾರಾಯಣನ ಸನ್ನಿಧಿಯ ಕವಿಯಾದ ಕುಮಾರವ್ಯಾಸನ ವಿರಾಟಪರ್ವವಂತೂ ಸಾರಥ್ಯದ ಇನ್ನೊಂದು ಗುಟ್ಟನ್ನು ಹೇಳುತ್ತದೆ. ತಕ್ಕ ಸಾರಥಿಯಿಲ್ಲವೆಂದು ಹೆಂಗಳೆಯರ ಮುಂದೆ ಜಂಬ ಕೊಚ್ಚಿದ ಉತ್ತರಕುಮಾರನಿಗೆ ಬೃಹನ್ನಳೆಯ ರೂಪದಲ್ಲಿ ಸಾಕ್ಷಾತ್ ಅರ್ಜುನನೇ ಸಾರಥಿಯಾಗಿ ಒದಗಿದನು. ಕೌರವಸೇನೆಯನ್ನು ಕಂಡೊಡನೆ ಆ ರಥಿಕನು ರಥದಿಂದ ಧುಮುಕಿ ಓಡಿದನು. ಅರ್ಜುನನು ಅವನನ್ನು ಹಿಡಿದುತಂದು, ಬಿಲ್ಲನ್ನು ತಾನು ಕೊಂಡು, ವಾಘೆಯನ್ನು ಅವನ ಕೈಗೆ ಕೊಟ್ಟನು. ರಥಿಕನಾಗಿ ಕೂತಿದ್ದಾಗ ಹೆದರಿ ಓಡಿದವನೇ ಸಾರಥಿಯಾಗಿ ಕೊನೆಯವರೆಗೆ ನಿಂತನು. ಕೈಗೆ ಕೆಲಸ ಬಂದಾಗ ಮನಸ್ಸಿಗೆ ಧೈರ್ಯವೂ ಬರುವದೆಂಬ ಸತ್ಯವು ಇಲ್ಲಿದೆ.

ಕಾವ್ಯಗಳ ಮಾತು ಹಾಗಿರಲಿ. ಕುದುರೆಯ ರಥಗಳು ಮಾಯವಾದ ಮೇಲೆಯೂ ಈ ವಿದ್ಯೆಯು ನಮ್ಮ ಎರಿಯ ಸೀಮೆಯಲ್ಲಿ ಎತ್ತಿನ ಗಾಡಿಯನ್ನು ಆಶ್ರಯಿಸಿ ಬದುಕಿಕೊಂಡಿತು. ಮಳೆ ಬಿದ್ದ ಕಪ್ಪು ಮಣ್ಣಿನಲ್ಲಿ ಹೇರು ತುಂಬಿದ ಚಕ್ಕಡಿಯನ್ನು ಹೂತುಹೋಗದಂತೆ ಹೊಡೆಯುವದು ಒಂದು ವಿದ್ಯೆ. ಹೇರಿಲ್ಲದ ಗಾಡಿಯನ್ನು ಓಡಿಸುವದು ಇನ್ನೊಂದು. ಗದಗ, ಧಾರವಾಡ, ಹಾವೇರಿ ಸೀಮೆಗಳಲ್ಲಿ ಖಾಲಿ ಗಾಡಾ ಓಡಿಸುವ ಪಂದ್ಯವೆಂಬುದು ಇಂದಿಗೂ ನಡೆಯುತ್ತದೆ. ಗೊತ್ತುಪಡಿಸಿದ ಅಲ್ಪಕಾಲದಲ್ಲಿ ಯಾವ ಜೋಡಿಯು ಹೆಚ್ಚು ದೂರ ಓಡುವದೋ ಆ ಜೋಡಿಗೆ ಬಹುಮಾನ. ಕಂಬಳ ಮತ್ತು ಗಾಡಿಯ ಓಟಗಳಿಗೆ ಅವಕಾಶವಿತ್ತ ಕರ್ನಾಟಕದ ಕಾಯದೆಯನ್ನು ಸುಪ್ರೀಂ ಕೋರ್ಟು ೨೦೨೩ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಖಾಲಿ ಗಾಡಾ ಎಂಬ ಹೆಸರನ್ನು ಗಮನಿಸಿರಿ. ಉಪಯೋಗಕ್ಕಾಗಿ ಇದ್ದ ಗಾಡಿಯಿಂದ ಹೇರನ್ನು ಇಳಿಸಿ, ಓಟದ ಸಂತೋಷಕ್ಕಾಗಿಯೇ ಓಡಿಸುವದು ಇದರ ಸ್ವರೂಪ. ಸ್ಪೋರ್ಟ್ಸ್ ಕಾರಿಗೆ ಕನ್ನಡದಲ್ಲಿ ಲಕ್ಷಣವನ್ನು ಹೇಳಬೇಕಾದರೆ ಇದಕ್ಕಿಂತ ಚೆನ್ನಾದ ಮಾತು ಸಿಕ್ಕಲಿಕ್ಕಿಲ್ಲ: ಅದು ಮೋಟಾರಿನ ಖಾಲಿ ಗಾಡಾ.

ಇನ್ನು ಮೋಟಾರಿನ ಇತಿಹಾಸಕ್ಕೆ ಬರೋಣ. ಗದಗಿನಿಂದ ಹೊಟಗಿಯ ವರೆಗಿನ ಉಗಿಬಂಡಿಯ ದಾರಿಯು ೧೮೮೪ರಲ್ಲಿ ತೆರೆಯಿತು. ಅದಾದ ಎರಡು ವರ್ಷಗಳಿಗೆ, ೧೮೮೬ನೆಯ ಜನವರಿ ೨೯ರಂದು, ಜರ್ಮನಿಯ ಕಾರ್ಲ್ ಬೆಂಝನು ತನ್ನ ಮೂರು ಗಾಲಿಯ ಮೋಟಾರುಬಂಡಿಗೆ ಹಕ್ಕುಪತ್ರವನ್ನು ಬೇಡಿ ಅರ್ಜಿಯನ್ನು ಸಲ್ಲಿಸಿದನು. ಹಳಿಗಳ ಮೇಲೆ ಓಡುವ ಬಂಡಿಯು ಎಲ್ಲರನ್ನೂ ರಥಿಕರನ್ನಾಗಿ ಮಾಡಿತು; ಹಳಿಯಿಲ್ಲದ ಬಂಡಿಯು ಸಾರಥಿಯನ್ನು ಮರಳಿ ಕರೆಯಿತು. ಈ ಹೊಸ ಬಂಡಿಯಲ್ಲಿ ಮೊದಲು ದೂರ ಪ್ರಯಾಣ ಮಾಡಿದ ಕೀರ್ತಿಯು ಬೆಂಝನ ಪತ್ನಿ ಬೆರ್ಥಾ ಎಂಬವಳದು. ೧೮೮೮ರ ಆಗಸ್ಟಿನಲ್ಲಿ ಅವಳು ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡ್ರಿಸಿಕೊಂಡು, ಮಾನ್‌ಹೈಮಿನಿಂದ ನೂರು ಕಿಲೊಮೀಟರಿಗೂ ಮಿಕ್ಕಿದ ಫೋರ್ಟ್ಸ್‌ಹೈಮಿಗೆ ಬಂಡಿಯನ್ನು ನಡೆಸಿಕೊಂಡು ಹೋದಳು. ಎಣ್ಣೆ ತೀರಿದಾಗ ಔಷಧಿಯ ಅಂಗಡಿಯಲ್ಲಿ ಕೊಂಡಳು. ಎಣ್ಣೆಯ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಬ್ರೇಕು ಸವೆದಾಗ ಮೋಚಿಯಿಂದ ಚರ್ಮವನ್ನು ಹೊಡೆಸಿದಳು. ಯಂತ್ರವನ್ನು ರಚಿಸಿದವನು ಗಂಡನಾದರೂ ಅದರ ಪ್ರಾಜಿತಾ ಆದವಳು ಹೆಂಡತಿಯೆಂದು ಹೇಳಬೇಕು.

ಮೋಟಾರು ಬಳಕೆಗೆ ಬಂದಂತೆ, ಉಪಯೋಗದ ಗಾಡಿಯಿಂದ ಓಟದ ಗಾಡಿಯು ಬೇರೆಯಾಯಿತು. ಇಂಗ್ಲಂಡಿನ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಗ್ಯಾರೇಜೆಂಬ ಸಂಸ್ಥೆಯಿತ್ತು. ಅಲ್ಲಿ ಸೆಸಿಲ್ ಕಿಂಬರನೆಂಬವನು ಸಾಮಾನ್ಯ ಕಾರುಗಳ ಮೇಲೆ ಹಗುರಾದ ಮೈಗಳನ್ನು ಕೂಡ್ರಿಸಿ ಮಾರತೊಡಗಿದನು. ಆ ಸಂಸ್ಥೆಯ ಮೊದಲಕ್ಷರಗಳಿಂದಲೇ ಎಂಜಿ ಎಂಬ ಹೆಸರು ಬಂದಿತು. ೧೯೨೯ರಿಂದ ೧೯೮೦ರ ವರೆಗೆ ಆಬಿಂಗ್ಡನ್ ಎಂಬ ಊರಿನಲ್ಲಿ ಈ ಕಾರುಗಳು ತಯಾರಾದವು. ಎರಡನೆಯ ಮಹಾಯುದ್ಧವು ಮುಗಿದ ೧೯೪೫ರಲ್ಲಿಯೇ ಹೊರಟ ಎಂಜಿ ಟಿಸಿ ಎಂಬ ಕಾರನ್ನು ಈ ವರ್ಗದ ಆದರ್ಶವೆಂದು ತಿಳಿಯಬಹುದು. ೧೯೪೯ರ ವರೆಗೆ ಇಂಥ ಹತ್ತು ಸಾವಿರ ಕಾರುಗಳು ತಯಾರಾದವು. ಮೈಯ ಒಳಗಟ್ಟು ಕಟ್ಟಿಗೆಯದು. ಗಾಲಿಗಳು ತಂತಿಯ ಅರಗಳವು. ೧೨೫೦ ಸಿಸಿಯ ಎಂಜಿನಿನ ಬಲ ಸುಮಾರು ೫೪ ಕುದುರೆಗಳದು. ತೂಕ ಸುಮಾರು ೮೦೦ ಕಿಲೊ. ಯುದ್ಧಕಾಲದಲ್ಲಿ ಇಂಗ್ಲಂಡಿನಲ್ಲಿದ್ದ ಅಮೇರಿಕದ ಸೈನಿಕರು ಇಂಥ ಗಾಡಿಗಳ ರುಚಿಯನ್ನು ಕಂಡು ತಮ್ಮ ದೇಶಕ್ಕೂ ಅದನ್ನು ಹಬ್ಬಿಸಿದರು. ಅವರ ದೇಶದಲ್ಲಿ ಚಾಲಕನು ಎಡಕ್ಕೆ ಕೂಡ್ರುವದು ರೂಢಿ; ಟಿಸಿಯಾದರೋ ಬಲಗಡೆಯ ಚಕ್ರದಿಂದಲೇ ತಯಾರಾಗುತ್ತಿತ್ತು. ಆದರೂ ಅವರು ಅದನ್ನು ಹಾಗೆಯೇ ಕೊಂಡರು. ಸವ್ಯೇಷ್ಠರು ಸಂತೋಷದಿಂದ ದಕ್ಷಿಣಸ್ಥರಾದರು!

ಈ ಟಿಸಿಯ ವೇಗವು ಗಂಟೆಗೆ ೮೦ ಮೈಲಿಯನ್ನು ಕೂಡ ಮುಟ್ಟುತ್ತಿರಲಿಲ್ಲ. ಇಂದು ಹುಬ್ಬಳ್ಳಿಗೆ ಹೋಗುವ ಸಾಧಾರಣ ಬಾಡಿಗೆಯ ಕಾರು ಕೂಡ ಇದಕ್ಕಿಂತ ಹೆಚ್ಚು ವೇಗವಾಗಿ ಓಡಬಲ್ಲದು. ಅಂದಮೇಲೆ ಹಳೆಯ ಓಟದ ಕಾರಿನ ಸುಖವು ವೇಗದ ಸುಖವಲ್ಲವೆಂಬುದು ಸ್ಪಷ್ಟವಾಯಿತು. ಹಾಗಾದರೆ ಅದು ಯಾವದರ ಸುಖ? ಚಾಲಕನ ಅಂಗಾಂಗಗಳು ಮಾಡುವ ಕೆಲಸವನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಚಕ್ರಕ್ಕೂ ಮುಂದಿನ ಗಾಲಿಗಳಿಗೂ ನಡುವೆ ಕಬ್ಬಿಣದ ಸಂಬಂಧವೊಂದೇ ಇದ್ದುದರಿಂದ ರಸ್ತೆಯ ಹರಳು, ಕೆಸರು, ಇಳಿಜಾರುಗಳೆಲ್ಲವೂ ಅಂಗೈಗೆ ತಿಳಿಯುತ್ತಿದ್ದವು. ಮೊದಲನೆಯ ಗೇರಿನ ಹಲ್ಲುಗಳನ್ನು ತಾನಾಗಿ ಹೊಂದಿಸುವ ಏರ್ಪಾಡು ಇರಲಿಲ್ಲ. ಓಡುತ್ತಿರುವಾಗ ಆ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನೊತ್ತಿ ಮೇಲಿನ ಗೇರನ್ನು ಬಿಡಿಸಬೇಕು. ಕ್ಲಚ್ಚನ್ನು ಬಿಟ್ಟು ಎಂಜಿನಿನ ಗತಿಯನ್ನು ತಕ್ಕಷ್ಟೇ ಏರಿಸಬೇಕು. ಮತ್ತೆ ಕ್ಲಚ್ಚನ್ನೊತ್ತಿ ಕೆಳಗಿನ ಗೇರಿಗೆ ಹಾಕಬೇಕು. ಗತಿಯು ಹೆಚ್ಚುಕಡಿಮೆಯಾದರೆ ಹಲ್ಲುಗಳು ಕರಕರನೆ ತಿಕ್ಕಿ ಚಾಲಕನ ಅಜ್ಞಾನವನ್ನು ಬೀದಿಗೆಲ್ಲ ಸಾರುತ್ತಿದ್ದವು. ಗತಿಯನ್ನು ತಿಳಿಯಲು ಕಣ್ಣು ಗಡಿಯಾರವನ್ನು ನೋಡಬೇಕಾಗಿರಲಿಲ್ಲ. ಎಂಜಿನಿನ ನಾದವನ್ನು ಕೇಳಿ ಕಿವಿಯು ಹೇಳುತ್ತಿತ್ತು. ತಬಲದವನು ಸಮಕ್ಕೆ ಬರುವಂತೆ ಕೈ, ಕಾಲು, ಕಿವಿಗಳು ಒಂದೇ ಕ್ಷಣಕ್ಕೆ ಕೂಡಿಬಂದಾಗ ಹಲ್ಲಿಗೆ ಹಲ್ಲು ಸಪ್ಪಳವಿಲ್ಲದೆ ಸೇರಿಕೊಳ್ಳುತ್ತಿತ್ತು. ಆ ಕೂಡಿಬರುವಿಕೆಯಲ್ಲಿಯೇ ಸುಖವಿತ್ತು.

ಹೊಸ ಕಾರಿನ ಒಳಗಿನ ರಚನೆ ಇದಕ್ಕೆ ವಿಪರೀತವಾದುದು. ಚಕ್ರವನ್ನು ತಿರುವುವಾಗ ವಿದ್ಯುತ್ತಿನ ಯಂತ್ರವು ಕೈಗೆ ಸಹಾಯ ಮಾಡುತ್ತದೆ. ಕಾಲಿನಿಂದ ಒತ್ತುವ ಮೆಟ್ಟಿಲು ಎಂಜಿನಿಗೆ ನೇರವಾಗಿ ಹೊಂದಿಕೊಂಡಿರದೆ ಗಣಕಯಂತ್ರಕ್ಕೆ ಒಂದು ಸೂಚನೆಯನ್ನು ಕಳಿಸುತ್ತದೆ; ಎಷ್ಟು ಎಣ್ಣೆಯನ್ನು ಬಿಡಬೇಕೆಂಬುದನ್ನು ಗಣಕವು ನಿರ್ಣಯಿಸುತ್ತದೆ. ಅನೇಕ ಕಾರುಗಳಲ್ಲಿ ಗೇರುಗಳು ತಾವಾಗಿ ಬದಲಾಗುತ್ತವೆ. ಕೆಲವು ಗೆರೆಯನ್ನು ಬಿಟ್ಟು ಸರಿದರೆ ಚಕ್ರವನ್ನು ತಾವೇ ಎಳೆದುಕೊಳ್ಳುತ್ತವೆ. ಮೇಲೆ ಹೇಳಿದ ಎಂಜಿ ಎಂಬ ಹೆಸರೇ ಇದಕ್ಕೆ ಸಾಕ್ಷಿ. ಇಂಗ್ಲಂಡಿನ ಕಂಪನಿಯು ೨೦೦೫ರಲ್ಲಿ ಮುಳುಗಿದ ಮೇಲೆ ಆ ಹೆಸರು ಚೀನಾದವರ ಕೈಸೇರಿತು. ೨೦೧೯ರಲ್ಲಿ ಗುಜರಾತದ ಹಾಲೋಲಿನಲ್ಲಿ ಅದೇ ಹೆಸರಿನಿಂದ ಹೆಕ್ಟರ್ ಎಂಬ ಕಾರು ತಯಾರಾಗಿ ಬಂದಿತು. ಅದು ಮನೆಮಂದಿಯೆಲ್ಲ ಕೂಡ್ರುವ ಎತ್ತರವಾದ ಗಾಡಿ; ತೂಕ ಟಿಸಿಯ ಸುಮಾರು ಇಮ್ಮಡಿ. ಅದನ್ನು ಮಾರುವವರು ಹೊಗಳಿದ್ದು ಅದರ ಓಟವನ್ನಲ್ಲ. ಇಂಟರ್ನೆಟ್ ಕಾರು ಎಂಬ ಬಿರುದಿನಿಂದ ಅದು ಪೇಟೆಗೆ ಬಂದಿತು. ಹೆಸರು ಒಂದೇ, ಹಳೆಯದು ಸಾರಥಿಗಾಗಿ, ಹೊಸದು ರಥಿಕನಿಗಾಗಿ.

ನಾದದ ವಿಷಯವಂತೂ ಇನ್ನೂ ವಿಚಿತ್ರವಾಗಿದೆ. ಕಾರಿನ ಒಳಭಾಗವನ್ನು ಹೊರಗಿನ ಸಪ್ಪಳ ಬಾರದಂತೆ ಮುಚ್ಚಿದ ಮೇಲೆ ಓಟದ ಕಾರುಗಳನ್ನು ಕೊಳ್ಳುವವರಿಗೆ ಎಂಜಿನಿನ ದನಿ ಕೇಳಿಸದಾಯಿತು. ಅದಕ್ಕೆ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು ೨೦೧೧ರ ಎಂ೫ ಎಂಬ ಕಾರಿನಲ್ಲಿ, ಎಂಜಿನಿನ ದನಿಯನ್ನು ಒಳಗಿನ ಧ್ವನಿವರ್ಧಕಗಳಿಂದ ನುಡಿಸುವ ಉಪಾಯವನ್ನು ಮಾಡಿತು. ಇಂದಿನ ದಮಯಂತಿಯು ಉಪ್ಪರಿಗೆಯಲ್ಲಿ ನಿಂತು ಕಿವಿಗೊಟ್ಟರೆ ಆ ಘೋಷವು ಅವಳಿಗೆ ಕೇಳಿಸಲಿಕ್ಕಿಲ್ಲ. ಅದು ಒಳಗೆ ಕೂತವರ ಸಮಾಧಾನಕ್ಕಾಗಿ ಮಾತ್ರ.

ಕಠೋಪನಿಷತ್ತಿನಲ್ಲಿ ಬರುವ ರಥದ ರೂಪಕವು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಆತ್ಮನು ರಥಿಕನು, ಶರೀರವು ರಥವು, ಇಂದ್ರಿಯಗಳು ಕುದುರೆಗಳು, ಮನಸ್ಸು ವಾಘೆ, ಬುದ್ಧಿಯು ಸಾರಥಿ. ಈ ರೂಪಕವನ್ನು ನಮ್ಮ ಕಾಲದ ವಾಹನಕ್ಕೆ ಹಚ್ಚಿನೋಡಿದರೆ ಏನಾಗಿದೆಯೆಂಬುದು ತಿಳಿಯುತ್ತದೆ. ಬುದ್ಧಿಯು ರಥದೊಳಗೇ ಸೇರಿಕೊಂಡಿದೆ. ವಾಘೆಯೂ ರಥದ ವಶವಾಗಿದೆ. ಚಾಲಕನ ಪೀಠದಲ್ಲಿ ಕೂತವನು ಸಾರಥಿಯ ವೇಷವನ್ನು ಧರಿಸಿದ ರಥಿಕನಾಗಿದ್ದಾನೆ.

ಇಷ್ಟನ್ನು ಓದಿ, ಲೇಖಕನು ಹೊಸದನ್ನು ಹಳಿಯಲು ಹೊರಟಿದ್ದಾನೆಂದು ವಾಚಕರು ತಿಳಿಯಬಾರದು. ಹೊಸ ರಚನೆಯ ಪಕ್ಷದಲ್ಲಿ ನುಡಿಯುವದು ಬಹಳವಿದೆ. ಅದು ಪ್ರಾಣದ ಮಾತು. ಸರಕಾರದ ವರದಿಯಂತೆ ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಜನರು ಅಪಘಾತಗಳಿಂದ ಮಡಿದರು. ಎಂಜಿ ಟಿಸಿಯಲ್ಲಿ ಎದೆಗೂ ಸೊಂಟಕ್ಕೂ ಬಿಗಿಯುವ ಪಟ್ಟಿ ಇರಲಿಲ್ಲ. ಅಂಥ ಪಟ್ಟಿಯನ್ನು ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಲಿನನು ೧೯೫೯ರಲ್ಲಿ ತಂದನು, ಮತ್ತು ಆ ಕಂಪನಿಯು ಅದನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಬ್ರೇಕನ್ನು ಜೋರಾಗಿ ಒತ್ತಿದರೂ ಗಾಲಿಗಳು ಬಿಗಿದು ಜಾರದಂತೆ ಕಾಯುವ ಯಂತ್ರವು ೧೯೭೮ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂದಿತು; ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಅದು ೨೦೧೯ರಿಂದ ಕಡ್ಡಾಯವಾಯಿತು. ಚಾಲಕನ ಮುಂದಿನ ಗಾಳಿಚೀಲವೂ ಅದೇ ವರ್ಷದಿಂದ ಕಡ್ಡಾಯವಾಯಿತು. ಮಳೆಗಾಲದ ರಾತ್ರಿಯಲ್ಲಿ ಹೆಂಡಿರುಮಕ್ಕಳನ್ನು ಕೂಡ್ರಿಸಿಕೊಂಡು ಹೆದ್ದಾರಿಯನ್ನು ಹಿಡಿಯುವವನಿಗೆ ಕಟ್ಟಿಗೆಯ ಮೈಯ ಹಳೆಯ ಗಾಡಿಯನ್ನು ಯಾವ ವಿವೇಕಿಯೂ ಸೂಚಿಸಲಾರನು. ನಳನಂಥ ಸಾರಥಿಯು ಕೋಟಿಗೊಬ್ಬನು. ಉಳಿದವರನ್ನು ಕಾಯಲಿಕ್ಕೆ ಯಂತ್ರದ ಬುದ್ಧಿಯು ಬೇಕೇ ಬೇಕು.

ಆದರೆ ರಕ್ಷಣೆ ಬೇಕೆಂಬ ಕಾರಣದಿಂದ ವಿದ್ಯೆಯು ಬೇಡವೆಂದು ಸಿದ್ಧವಾಗುವದಿಲ್ಲ. ಎರಡೂ ಕೂಡಿರಬಹುದೆಂಬುದಕ್ಕೆ ಜಪಾನಿನ ಉದಾಹರಣೆಯಿದೆ. ಅಲ್ಲಿಯ ಮಾಜ್ದಾ ಕಂಪನಿಯವರು ಇಂಗ್ಲಂಡಿನ ಹಳೆಯ ಓಟದ ಕಾರುಗಳನ್ನು ಅಭ್ಯಾಸಮಾಡಿ ೧೯೮೯ರಲ್ಲಿ ಎಂಎಕ್ಸ್-೫ ಎಂಬ ಇಬ್ಬರ ಕಾರನ್ನು ಹೊರತಂದರು. ಹಳೆಯವುಗಳ ಹಗುರುತನವನ್ನೂ ಕೈಗೆ ತಿಳಿಯುವ ಗುಣವನ್ನೂ ಉಳಿಸಿಕೊಂಡು, ಅವುಗಳ ಎಣ್ಣೆ ಸೋರುವ ಚಾಳಿಯನ್ನು ಬಿಟ್ಟರು. ತಮ್ಮ ಧ್ಯೇಯಕ್ಕೆ ಅವರು ಆರಿಸಿದ ಶಬ್ದವು ಜಿನ್ಬಾ ಇತ್ತಾಯಿ; ಕುದುರೆಯೂ ಸವಾರನೂ ಒಂದೇ ಶರೀರವಾಗಿರುವದು ಎಂದು ಅದರ ಅರ್ಥ. ೨೦೧೬ರ ಹೊತ್ತಿಗೆ ಇಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ರಥವು ಹಳತಾದ ಮೇಲೆಯೂ ರಥದ ಭಾಷೆಯಲ್ಲಿಯೇ ವಿಚಾರಮಾಡುವ ಜನರು ನಾವೊಬ್ಬರೇ ಅಲ್ಲ.

ಇನ್ನು ನಮ್ಮ ನಾಡಿನ ಮಾತು. ಸ್ವಾತಂತ್ರ್ಯದ ನಂತರ ಪರದೇಶದ ಕಾರುಗಳ ಆಮದಿಗೆ ನಿರ್ಬಂಧಗಳಿದ್ದುದರಿಂದ ಓಟದ ಕಾರು ನಮ್ಮಲ್ಲಿ ವಿರಳವಾಗಿಯೇ ಉಳಿಯಿತು; ಆದರೆ ಸಾರಥ್ಯದ ರುಚಿಯು ವಿರಳವಾಗಿರಲಿಲ್ಲ. ಇದಕ್ಕೆ ನಮ್ಮ ಜಿಲ್ಲೆಯವರೇ ಆದ ಪಂಡಿತ ಭೀಮಸೇನ ಜೋಶಿಯವರು ಉಜ್ವಲವಾದ ನಿದರ್ಶನ. ೧೯೨೨ರಲ್ಲಿ ರೋಣದಲ್ಲಿ ಹುಟ್ಟಿ, ೧೯೩೩ರಲ್ಲಿ ಹನ್ನೊಂದರ ಎಳೆವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆಬಿಟ್ಟು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪದತಲದಲ್ಲಿ ಕಲಿತು, ೨೦೦೮ರಲ್ಲಿ ಭಾರತರತ್ನವಾದ ಅವರ ಸಂಗೀತವನ್ನು ಕುರಿತು ಇಲ್ಲಿ ಹೇಳಬೇಕಾದದ್ದಿಲ್ಲ. ೨೦೧೧ರಲ್ಲಿ ಅವರು ತೀರಿಕೊಂಡಾಗ ಅವರ ಗಾನದ ಜೊತೆಗೆ ನೆನೆಯಲ್ಪಟ್ಟ ಇನ್ನೊಂದು ಗುಣವೆಂದರೆ ಅವರ ಕಾರಿನ ಪ್ರೀತಿ. ಕಚೇರಿಗಳಿಗೆ ದೂರದೂರಿಗೆ ತಾವೇ ಕಾರನ್ನು ನಡೆಸಿಕೊಂಡು ಹೋಗುತ್ತಿದ್ದರು. ಯಂತ್ರದ ಒಳಗುಟ್ಟುಗಳನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಶ್ರುತಿಯ ಕೂದಲೆಳೆಯ ಭೇದವನ್ನರಿಯುವ ಕಿವಿಗೆ ಎಂಜಿನಿನ ದನಿಯು ಕೇವಲ ಸಪ್ಪಳವಾಗಿರುವದು ಶಕ್ಯವಿಲ್ಲ. ಅಂಥವರಿಗೆ ಸಾರಥಿಯನ್ನು ಇಟ್ಟುಕೊಳ್ಳುವ ಅನುಕೂಲವಿರಲಿಲ್ಲವೆಂದು ಯಾರೂ ಹೇಳಲಾರರು. ರಥಿಕರಾಗಿ ಹೋಗಬಹುದಾದವರು ಸಾರಥಿಯ ಸುಖವನ್ನು ತಾವಾಗಿ ಆರಿಸಿಕೊಂಡರು.

ಕನ್ನಡನಾಡಿನಲ್ಲಿಯೇ ತಯಾರ್ ಆದ ಹಗುರಾದ ಕಾರೊಂದರ ವೃತ್ತಾಂತವನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಸಿಪಾನಿ ಸಂಸ್ಥೆಯವರು ೧೯೮೨ರಲ್ಲಿ ಡಾಲ್ಫಿನ್ ಎಂಬ ಕಾರನ್ನು ಹೊರತಂದರು. ಇಂಗ್ಲಂಡಿನ ರಿಲಯಂಟ್ ಕಿಟನ್ ಎಂಬ ಕಾರು ಇದಕ್ಕೆ ಮೂಲ. ಎಂಜಿನು ೮೪೮ ಸಿಸಿಯದು. ಮೈ ಗಾಜಿನ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ಫೈಬರಿನದು. ಎಂಜಿನು ಮುಂದಿದ್ದು ಅದರ ಬಲವು ಹಿಂದಿನ ಗಾಲಿಗಳಿಗೆ ಸಲ್ಲುತ್ತಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ಸಂಸಾರಸ್ಥರು ಅತ್ತ ಹೋದರು. ಡಾಲ್ಫಿನ್ನಿಗೆ ಪೇಟೆಯಲ್ಲಿ ನೆಲೆ ಸಿಗಲಿಲ್ಲ. ಆದರೆ ಹಗುರಾದ ಮೈಯ ಗುಣವನ್ನು ಬಲ್ಲವರು ಅದನ್ನು ರ್‍ಯಾಲಿಗಳಲ್ಲಿಯೂ ಮದರಾಸಿನ ಬಳಿಯ ಶೋಲಾವರದ ಪಂದ್ಯಗಳಲ್ಲಿಯೂ ಓಡಿಸಿ ಹೆಸರು ಗಳಿಸಿಕೊಟ್ಟರು. ಬಾಹುಕನು ಆರಿಸಿದ ಬಡಕಲು ಕುದುರೆಯು ಇದೇ ಅಲ್ಲವೆ! ಅದೇ ಬೆಂಗಳೂರಿನಿಂದ ೨೦೦೧ರಲ್ಲಿ ರೇವಾ ಎಂಬ ವಿದ್ಯುತ್ತಿನ ಪುಟ್ಟ ಕಾರು ಹೊರಟು ಲಂಡನ್ನಿನ ಬೀದಿಗಳ ವರೆಗೆ ಹೋಯಿತು. ಅದರಲ್ಲಿ ಕ್ಲಚ್ಚೂ ಇಲ್ಲ, ಎಂಜಿನಿನ ನಾದವೂ ಇಲ್ಲ. ಹೀಗೆ ಸಾರಥಿಯ ಕಾರು ರಥಿಕನ ಕಾರಿಗೆ ದಾರಿ ಬಿಟ್ಟುಕೊಟ್ಟ ಕಥೆಯು ಇಪ್ಪತ್ತೇ ವರ್ಷಗಳ ಅಂತರದಲ್ಲಿ ಒಂದೇ ಊರಿನಲ್ಲಿ ನಡೆದುಹೋಯಿತು.

ಈಗ ಹಳೆಯ ವಾಹನಗಳ ರಕ್ಷಣೆಗೆ ಕಾನೂನಿನ ಆಶ್ರಯವು ದೊರೆತಿದೆ. ಕೇಂದ್ರ ಸರಕಾರವು ೨೦೨೧ರಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷಗಳಾಗಿ ಮೂಲರೂಪದಲ್ಲಿಯೇ ಇರುವ ವಾಹನಗಳನ್ನು ವಿಂಟೇಜ್ ಎಂಬ ವರ್ಗದಲ್ಲಿ ನೋಂದಿಸಿ, ಸಂಖ್ಯೆಯ ಫಲಕದಲ್ಲಿ ವಿಎ ಎಂಬ ಅಕ್ಷರಗಳನ್ನು ಕೊಡುತ್ತಾರೆ. ಪ್ರದರ್ಶನ, ಶೋಧನೆ, ಹಳೆಯ ಕಾರುಗಳ ಮೆರವಣಿಗೆ ಮುಂತಾದವುಗಳಿಗೆ ಅವನ್ನು ರಸ್ತೆಗಿಳಿಸಬಹುದು. ನಿತ್ಯದ ಬಳಕೆಗೆ ಇಲ್ಲ. ಇದು ಯೋಗ್ಯವಾದ ನಿಯಮವೇ. ಆದರೆ ೧೯೮೨ರ ಡಾಲ್ಫಿನ್ನಿಗೆ ಐವತ್ತು ತುಂಬುವದು ೨೦೩೨ರಲ್ಲಿ. ಹದಿನೈದು ವರ್ಷಕ್ಕೆ ಮುಪ್ಪಿನ ಪರೀಕ್ಷೆಯು ಪ್ರಾರಂಭವಾಗುತ್ತದೆ. ಐವತ್ತಕ್ಕೆ ಗೌರವವು ಪ್ರಾರಂಭವಾಗುತ್ತದೆ. ಇವೆರಡರ ನಡುವಿನ ಮೂವತ್ತೈದು ವರ್ಷಗಳನ್ನು ದಾಟುವ ಭಾರವು ಒಡೆಯನ ಪ್ರೀತಿಯ ಮೇಲೆಯೇ ಬೀಳುತ್ತದೆ. ಕನ್ನಡಿಗರ ಕೈಯಿಂದ ತಯಾರಾದ ಗಾಡಿಯು ಈ ಅಂತರದಲ್ಲಿ ಗುಜರಿಗೆ ಸೇರದಂತೆ ನೋಡಿಕೊಳ್ಳುವದು ಕನ್ನಡಿಗರ ಹೊಣೆ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವು ಜನರ ದರ್ಶನಕ್ಕೆ ಇದೆ. ಇಂಥ ಸಂಗ್ರಹಗಳ ಉಪಕಾರವು ದೊಡ್ಡದು. ಆದರೆ ಸಂಗ್ರಹವು ಕಾಯುವದು ರೂಪವನ್ನು. ವಿದ್ಯೆಯನ್ನು ಕಾಯುವದು ಅದರಿಂದಾಗದು. ನಮ್ಮ ಬಿಂಕದಕಟ್ಟಿಯ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಇದನ್ನು ಬಲ್ಲರು: ಕಾಡುಮೃಗದ ಮೈಬಣ್ಣವೆಷ್ಟು ಚೆಲುವೆಂಬುದು ಅಲ್ಲಿ ತಿಳಿಯುತ್ತದೆ, ಅದರ ಓಟವೆಂಥದೆಂಬುದು ತಿಳಿಯುವದಿಲ್ಲ. ನಿಂತ ಕಾರು ಕಟ್ಟಿಟ್ಟ ತಾಳೆಗರಿಯಂತೆ. ಓದುವವನಿದ್ದರೆ ಅದು ಗ್ರಂಥ, ಇಲ್ಲದಿದ್ದರೆ ಗರಿ.

ಆದುದರಿಂದ ಗಾಡಿಗಳ ಜೊತೆಗೆ ಗಾಡಿಯನ್ನು ನಡೆಸುವವರ ತಿಳಿವಳಿಕೆಯನ್ನೂ ಸಂಗ್ರಹಿಸುವದು ಅವಶ್ಯವಾಗಿದೆ. ಈ ಕೆಲಸವು ಹಣವಂತರನ್ನು ಕಾಯಬೇಕಾಗಿಲ್ಲ; ನಮ್ಮಂಥ ಸಾಹಿತ್ಯಸಂಘಗಳೇ ಮಾಡಬಹುದಾದದ್ದು. ಖಾಲಿ ಗಾಡಾ ಓಡಿಸುವವರು ಎತ್ತುಗಳಿಗೆ ಕೊಡುವ ಸನ್ನೆಗಳೆಷ್ಟು, ನೊಗ, ಅಚ್ಚು, ಕೀಲು, ಹಳಿಗಳ ಒಂದೊಂದು ಭಾಗಕ್ಕೆ ಅವರಿಟ್ಟ ಹೆಸರುಗಳಾವುವು, ಗದಗ-ಬೆಟಗೇರಿಯ ಹಳೆಯ ಮಿಸ್ತ್ರಿಗಳು ಎಂಜಿನಿನ ದನಿಯಿಂದಲೇ ರೋಗವನ್ನು ಹೇಳುವಾಗ ಬಳಸುವ ಶಬ್ದಗಳಾವುವು, ಲಾರಿಗಳ ಹಿರಿಯ ಚಾಲಕರು ಗೇರಿನ ಹಲ್ಲುಗಳನ್ನು ಹೇಗೆ ಹೊಂದಿಸುತ್ತಿದ್ದರು, ಇವನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಕೋಶದಲ್ಲಿಲ್ಲದ ಮಾತನ್ನು ಅವರು ಆಡಿದರೆ ಅಪಶಬ್ದವೆಂದು ತಿದ್ದಲು ಹೋಗಬಾರದು. ಎರಡು ಸಾವಿರ ವರ್ಷಗಳ ಹಿಂದೆ ಹಾಗೆ ತಿದ್ದಲು ಹೋದ ಪಂಡಿತನಿಗೆ ಸೂತನು ಕೊಟ್ಟ ಉತ್ತರವು ಮಹಾಭಾಷ್ಯದಲ್ಲಿಯೇ ಇದೆ. ಕಾರುಗಳು ತಾವಾಗಿಯೇ ನಡೆಯುವ ದಿನವು ದೂರವಿಲ್ಲವೆಂದು ಬಲ್ಲವರು ಹೇಳುತ್ತಾರೆ. ಅದು ಬರುವ ಮೊದಲು ಪ್ರಾಜಿತಾ ಎಂಬ ಶಬ್ದದ ಅರ್ಥವನ್ನು ಕೈಯಿಂದ ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆಂಬುದನ್ನು ನೆನೆದು, ಈ ಮಳೆಗಾಲ ಕಳೆಯುತ್ತಲೇ ಕೆಲಸವನ್ನು ಪ್ರಾರಂಭಿಸೋಣ.